ಅಣ್ಣನ ಕರೆಂಟು ಗಿಟಾರು

ಅಣ್ಣ ತೀರಿಕೊಂಡು ವರ್ಷ ತುಂಬಿದ ಮೇಲೂ ಅತ್ತಿಗೆ ನನ್ನನ್ನು ಏನೂ ಕೇಳಿರಲಿಲ್ಲ. ಒಂದು ದಿನ ರಾಗಿ ಕೇರುತ್ತಾ, "ಅವರ ಗಿಟಾರಿನ ಸದ್ದು ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತೈತೆ ಕಣಪ್ಪ" ಎಂದರು. ಅದು ಕರೆಂಟು ಗಿಟಾರು. ಕರೆಂಟಿನ ವಿಷಯದಲ್ಲಿ ನನಗೆ ನನ್ನ ಮೇಲೆ ಪೂರ್ತಿ ಭರವಸೆ. ಮನೆಯ ಫ್ಯೂಸು ಹೋದಾಗಲೆಲ್ಲ ಹಾಕುತ್ತಿದ್ದವನು ನಾನೇ. ಅದು ಮತ್ತೆ ಹೋಗುತ್ತಿತ್ತು ಎನ್ನುವುದು ಬೇರೆ ಮಾತು.

ಅಣ್ಣ ಅರಸೀಕೆರೆಯ ವಾದ್ಯಗೋಷ್ಠಿಯೊಂದರಲ್ಲಿ ಮದುವೆಗಳಿಗೆ ಗಿಟಾರು ನುಡಿಸುತ್ತಿದ್ದ. ಅವನು ಹೋದ ಮೇಲೆ ಗೋಷ್ಠಿಯೂ ಮುರಿದು, ಗಿಟಾರು ಬೇಲೂರಿನ ಮೈಕ್‌ಸೆಟ್ ಅಂಗಡಿ ಸೇರಿತ್ತು. ಹುಡುಕಿಕೊಂಡು ಹೋದೆ. ಅಂಗಡಿಯವರು ಒಳ್ಳೆಯವರು. "ನಿಮ್ಮಣ್ಣಂದು ಅಲ್ವಾ, ತಗೊಂಡೋಗಿ. ನೀರು ಮಾತ್ರ ತಾಕಿಸ್ಬೇಡಿ" ಎಂದು ಕೊಟ್ಟುಬಿಟ್ಟರು. ಬಸ್ಸು ಹಳೇಬೀಡಿನಲ್ಲಿ ತುಂಬಿತು. ಗಿಟಾರನ್ನು ಸೀಟಿನ ಮೇಲೆ ಮಲಗಿಸಿ, ಅರಸೀಕೆರೆಯವರೆಗೆ ನಾನು ನಿಂತು ಬಂದೆ. ಕಂಡಕ್ಟರು ಅದಕ್ಕೂ ಟಿಕೆಟ್ ಹರಿದರು.

ಬಾಗಿಲಲ್ಲೇ ಅತ್ತಿಗೆ ಕೈ ಚಾಚಿದರು. "ತಡೀರಿ ಅತ್ತಿಗೆ, ಕರೆಂಟು ಕೊಟ್ಟೇ ಕೇಳಿಸ್ತೀನಿ" ಎಂದೆ. ಅಷ್ಟರಲ್ಲಿ ನನ್ನ ಹೆಂಡತಿ ಗಿರಿಜೆ ಅಡ್ಡ ಬಂದಳು. "ಪೂಜೆ ಇಲ್ದೆ ಒಳಕ್ಕೆ ತರ್ತಾರೇನ್ರೀ?"

ನಮ್ಮದು ತೆಂಗಿನ ಸೀಮೆ. ಸ್ಕೂಟರಾಗಲಿ ಪಂಪ್‌ಸೆಟ್ಟಾಗಲಿ, ಕಾಯಿ ಒಡೆಸಿಕೊಳ್ಳದೆ ಯಾವ ಯಂತ್ರವೂ ಮನೆ ಸೇರುವುದಿಲ್ಲ. ಗಿಟಾರಿನ ಹಣೆಗೆ ಮೂರೆಳೆ ವಿಭೂತಿ ಬಳಿದೆ, ಹೂವು ಮುಡಿಸಿದೆ, ಕಾಯಿ ಒಡೆದೆ. ಸ್ಕೂಟರಿಗೆ ಮಾಡುವ ಹಾಗೆಯೇ ಕಾಯಿಯೊಳಗಿನ ನೀರನ್ನು ಭಕ್ತಿಯಿಂದ ಗಿಟಾರಿನ ಮೈಮೇಲೆ ಸುರಿದೆ. ಕಾಯಿನೀರೂ ನೀರೇ ಎಂದು ಹೊಳೆದದ್ದು ಹೋಳುಗಳನ್ನು ಕೆಳಗಿಟ್ಟ ಮೇಲೆ.

ಬಟ್ಟೆಯಲ್ಲಿ ಒರೆಸಿ, ನಮ್ಮ ರೇಡಿಯೋದ ಹಿಂದೆ ಗ್ರಾಮಫೋನಿಗೆಂದು ಇದ್ದ ತೂತಿಗೆ ಅದರ ವೈರು ಸಿಕ್ಕಿಸಿದೆ. ರೇಡಿಯೋ ಗೊರ್ರೆಂದು ಹೊಗೆ ಬಿಟ್ಟಿತು. ಅಂದಿನಿಂದ ನಮ್ಮ ಮನೆಗೆ ವಾರ್ತೆ ಬರಲಿಲ್ಲ.

"ಸುಮ್ನೆ ಬಿಟ್ಬಿಡ್ರೀ" ಎಂದಳು ಗಿರಿಜೆ. ಬಿಟ್ಟರೆ ನಾನು ನಾನೇ? ಒಳಗಿನ ತೇವ ಒರೆಸಲು ಮುಚ್ಚಳ ಬಿಚ್ಚಬೇಕು, ಅದಕ್ಕೆ ಮೊದಲು ತಂತಿಗಳನ್ನು ಸಡಿಲಿಸಬೇಕು ಎಂದು ತೀರ್ಮಾನಿಸಿ, ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಇನ್ನೊಂದರಲ್ಲಿ ಬಿರಡೆ ತಿರುಗಿಸಿದೆ. ಮೊದಲ ತಂತಿ ಟಣ್ಣೆಂದು ಕಡಿಯಿತು. ಹಳೇ ತಂತಿ ಎಂದುಕೊಂಡೆ. ಎರಡನೆಯದೂ ಹಳೆಯದೇ ಆಗಿತ್ತು. ಐದನೆಯದು ಕೆನ್ನೆಗೆ ಬಾರಿಸಿದಾಗ ಗೊತ್ತಾಯಿತು, ನಾನು ಇಷ್ಟು ಹೊತ್ತೂ ಬಿಗಿಯುತ್ತಿದ್ದೆ!

ತಲೆ ಎತ್ತಲಾಗಲಿಲ್ಲ. ಅಣ್ಣ ಇನ್ನೊಂದು ಸಲ ಸತ್ತ ಹಾಗಾಯಿತು, ಈ ಸಲ ನನ್ನ ಕೈಯಲ್ಲಿ.

ಅತ್ತಿಗೆ ಬಂದು ಪಕ್ಕದಲ್ಲಿ ಕೂತರು. ಗಿಟಾರನ್ನು ಎತ್ತಿ ಕಿವಿಗೆ ಆನಿಸಿಕೊಂಡು, ಉಳಿದಿದ್ದ ಒಂದು ತಂತಿಯನ್ನು ಮೀಟಿದರು. ಸೊಳ್ಳೆ ಹಾಡಿದಷ್ಟು ಸದ್ದು ಬಂತು. ಅವರ ಕಣ್ಣು ತುಂಬಿಕೊಂಡವು.

"ಮೈಕಲ್ಲಿ ನುಡಿಸಿದ್ದನ್ನ ಮದುವೆಗೆ ಬಂದೋರು ಕೇಳಿರ್ತಾರೆ" ಎಂದರು. "ಮನೇಲಿ ಕರೆಂಟು ಹಾಕ್ತಿರಲಿಲ್ಲ ಕಣಪ್ಪ. ಅತ್ತೆ ಎದ್ದಾರು ಅಂತ ಹಿಂಗೇ ಮೆಲ್ಲಗೆ ನುಡಿಸೋರು. ನನಗೊಬ್ಬಳಿಗೆ."

ಅಂದರೆ ಬಾಗಿಲಲ್ಲೇ ಕೈಗೆ ಕೊಟ್ಟಿದ್ದರೆ ಆರು ತಂತಿಯಲ್ಲೂ ಕೇಳುತ್ತಿದ್ದರು. ನಾನಿನ್ನೂ ಸ್ಕ್ರೂಡ್ರೈವರ್ ಹಿಡಿದೇ ಕೂತಿದ್ದೆ. "ಅತ್ತಿಗೆ, ಹೊಸ ತಂತಿ ತಂದು ನಾನೇ..." ಎಂದು ಬಾಯಿ ತೆರೆದೆ.

ಅತ್ತಿಗೆ ಗಿಟಾರನ್ನು ಮಡಿಲಿಗೆ ಎಳೆದುಕೊಂಡರು.

"ಬೇಡ ಕಣಪ್ಪ. ಇದೊಂದಾದ್ರೂ ಇರ್ಲಿ."