ದ್ವೀಪದ ಕೋತಿಗಳೂ ಮೊಳಕಾಲ್ಮೂರಿನ ಮುದ್ದೆಯೂ

ಮೇಷ್ಟ್ರ ಕಸುಬೇ ಹಾಗೆ. ನಾವೊಂದು ಹೇಳಿದರೆ ಮಕ್ಕಳು ಒಂಬತ್ತು ಕೇಳ್ತವೆ. ಉತ್ತರ ಗೊತ್ತಿಲ್ಲದಾಗ ನಾನು ಕೆಮ್ಮಿ ಹೊತ್ತು ಕಳೆಯುತ್ತಿದ್ದೆ. ಮೊಳಕಾಲ್ಮೂರಿಗೆ ಪ್ಲೇಗು ಬಂದ ವರ್ಷ ಅದಕ್ಕೂ ಕಲ್ಲು ಬಿತ್ತು. ಕೆಮ್ಮಿದರೆ ಜನ ಎದ್ದು ಓಡುತ್ತಿದ್ದರು.

ಇಲಿ ಸತ್ತುಬಿದ್ದವು ಅಂತ ಊರಿಗೆ ಊರೇ ಬೀಗ ಜಡಿದು ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತು. ಶಾಲೆ ಬೇವಿನ ಮರದಡಿ. ಗೋಡೆ ಇಲ್ಲವಲ್ಲ, ಹೆಣ್ಣುಮಕ್ಕಳೂ ಬಂದು ಕೂತರು, ಆಡುಗಳೂ ಬಂದು ಕೂತವು. ಗಮನವಿಟ್ಟು ಕೇಳುತ್ತಿದ್ದದ್ದು ಆಡುಗಳೇ.

ಉಪ್ಪುನೀರು

ಅವತ್ತು ದ್ವೀಪದ ಕೋತಿಗಳ ಪಾಠ. ನಾನು ಚಳ್ಳಕೆರೆಯವನು, ಸಮುದ್ರ ಕಂಡವನಲ್ಲ. ಆದರೂ ಧೈರ್ಯವಾಗಿ ಶುರುಮಾಡಿದೆ. ಸುತ್ತಲೂ ನೀರು, ನಡುವೆ ದಟ್ಟ ಕಾಡು, ವರ್ಷವೆಲ್ಲ ಸೆಕೆ, ಮೇಲೆ ಮಳೆ. ಅಲೆ ಹಿಂದೆ ಸರಿದಾಗ ಅಲ್ಲಿನ ಕೋತಿಗಳು ದಡಕ್ಕಿಳಿದು ಏಡಿ ಹಿಡಿದು ತಿನ್ನುತ್ತವೆ, ಈಜುತ್ತವೆ, ಮರಿಗಳು ತಾಯಿಯ ಹೊಟ್ಟೆ ತಬ್ಬಿಕೊಂಡೇ ಮರದಿಂದ ಮರಕ್ಕೆ ಹೋಗುತ್ತವೆ ಅಂದೆ. ಸುತ್ತಲಿನ ನೀರೆಲ್ಲ ಉಪ್ಪು ಅಂದಾಗ ನೇಕಾರರ ಹುಡುಗನೊಬ್ಬ ನಿಟ್ಟುಸಿರುಬಿಟ್ಟ.

"ಪುಣ್ಯವಂತರು ಮೇಷ್ಟ್ರೆ. ಎಸರಿಗೆ ಉಪ್ಪೇ ಹಾಕಂಗಿಲ್ಲ."

ಒಳ್ಳೇ ಊರು

ಅಷ್ಟು ನೀರು ದಾಟಿ ಕೋತಿಗಳು ಅಲ್ಲಿಗೆ ಹೇಗೆ ಹೋದವು ಅಂತ ಕೇಳಿದರು. ಪ್ರವಾಹದಲ್ಲಿ ತೇಲಿಹೋದ ಮರ ಹಿಡಿದುಕೊಂಡು ಸೇರಿರಬಹುದು ಅಂದೆ. ಒಬ್ಬರೂ ನಂಬಲಿಲ್ಲ. ರಾಮದೇವ್ರ ಸೇತುವೆ ಕಟ್ಟಾಕೆ ಹೋದವು, ವಾಪಸ್ ಬರಾಕೆ ಗಾಡಿ ಸಿಗದೆ ಉಳ್ಕಂಡವೆ ಅಂತ ಅದೇ ಹುಡುಗ ತೀರ್ಮಾನ ಕೊಟ್ಟ. ಎಲ್ಲರೂ ನಗುತ್ತಾ ಒಪ್ಪಿದರು.

ಹಿಂದೆ ಕೂತಿದ್ದ ಒಂದು ಹುಡುಗಿ ಮಾತ್ರ ನಗಲಿಲ್ಲ. ಅವಳ ಅವ್ವ ಪ್ಲೇಗಿನಲ್ಲಿ ಹೋಗಿದ್ದಳು. ಅಜ್ಜಿ ಸದ್ದಿಲ್ಲದೆ ಮಣ್ಣು ಮಾಡಿಸಿ, ಸೊಸೆ ಪರಶುರಾಂಪುರಕ್ಕೆ ತವರಿಗೆ ಹೋಗವಳೆ ಅಂತ ಸುದ್ದಿ ಹಬ್ಬಿಸಿದ್ದಳು. ಸಾವಿನ ಸುಳಿವು ಸಿಕ್ಕರೆ ಅಮಲ್ದಾರರ ಜವಾನರು ಬಂದು ಮನೆಯವರನ್ನು ದೂರದ ಶೆಡ್ಡಿಗೆ ಎಳೆದೊಯ್ಯುತ್ತಿದ್ದ ಕಾಲ. ಅಳಬೇಡ ಅಂತ ಮಗುವಿಗೆ ಆಣೆ ಹಾಕಿಸಿ, ನನಗೊಬ್ಬನಿಗೆ ಮಾತ್ರ ನಿಜ ಹೇಳಿದ್ದಳು. ಮಗು ಅಳಲಿಲ್ಲ. ಅನ್ನವನ್ನೂ ಬಿಟ್ಟಿತು. ಹೀಗೇ ಆದರೆ ಇದೂ ಉಳಿಯಲ್ಲ ಅನ್ನೋ ಭಯ ನನಗೆ.

ಆ ಹುಡುಗಿ ಕೇಳಿದಳು, "ಅಲ್ಲಿ ತಾಯಿ ಸತ್ರೆ ಮರಿ ಅಳ್ಬೋದಾ ಮೇಷ್ಟ್ರೆ?"

"ಎಷ್ಟು ಬೇಕಾದ್ರೂ ಅಳ್ಬೋದು ತಾಯಿ. ಅಲೆ ಸದ್ದಿಗೆ ಯಾರಿಗೂ ಕೇಳ್ಸಲ್ಲ."

"ಹಂಗಾರೆ ಒಳ್ಳೇ ಊರು," ಅಂದಳು.

ಅವತ್ತು ಶಾಲೆ ಬೇಗ ಬಿಟ್ಟೆ. ಆಡುಗಳು ಮಾತ್ರ ಮನೆಗೆ ಹೋಗಲು ಒಪ್ಪಲಿಲ್ಲ.

ಅಪ್ಪಣೆ

ಕೆಲವು ದಿನಗಳ ಮೇಲೆ ಗುಡ್ಡದ ಮುದಿ ಕೋತಿಯೊಂದು ಗುಡಿಸಲುಗಳ ಹತ್ತಿರ ಬಂದು ಸತ್ತುಬಿತ್ತು. ಸ್ವಂತ ಅಣ್ಣತಮ್ಮಂದಿರ ಹೆಣಕ್ಕೆ ಹೆಗಲು ಕೊಡಲು ಹೆದರುತ್ತಿದ್ದ ಜನ, ಹನುಮಪ್ಪನೇ ಹೋದ ಅಂತ ಓಡಿಬಂದರು. ಮೈ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಕುಂಡ್ರಿಸಿ ಹೊತ್ತರು. ಅದು ಹೆಣ್ಣು ಕೋತಿ. ನಾನೂ ಒಂದು ಕಡೆ ಹೆಗಲು ಕೊಟ್ಟೆ.

ತಮಟೆ, ಉರುಮೆ ಒಟ್ಟಿಗೆ ಶುರುವಾದವು. ಆ ಹುಡುಗಿ ನುಗ್ಗಿ ಹೋಗಿ ಕೋತಿಯ ಕಾಲು ಹಿಡಿದು ಗೋಳೋ ಅಂತ ಅತ್ತಳು. ಅಜ್ಜಿ ಬಾಯಿ ಮುಚ್ಚಿಸಲು ಓಡಿದವಳು ತಾನೇ ಅಲ್ಲಿ ಕುಸಿದು ಎದೆ ಬಡಿದುಕೊಂಡು ಅಳತೊಡಗಿದಳು. ನೋಡಿದ ಜನಕ್ಕೆ ರೋಮಾಂಚನ. ಮಗುವಿನ ಮೈಮೇಲೆ ಸ್ವಾಮಿ ಬಂದವ್ನೆ ಅಂತ ಅಡ್ಡಬಿದ್ದರು. ಕುಣಿ ಮುಚ್ಚಿ, ವಾದ್ಯ ನಿಂತ ಮೇಲೂ ಬಿಕ್ಕುತ್ತಿದ್ದ ಅವಳ ಮುಂದೆ ಊರಗೌಡರು ಕೈಮುಗಿದು ನಿಂತರು. "ಏನು ಬೇಕು ಸ್ವಾಮಿ? ಅಪ್ಪಣೆ ಆಗ್ಲಿ."

ಹುಡುಗಿ ಮೂಗು ಒರೆಸಿಕೊಂಡು ಹೇಳಿದಳು, "ಮುದ್ದೆ."

ಗುಡಿಸಲುಗಳಲ್ಲೆಲ್ಲ ಎಸರಿಟ್ಟರು. ನಾನು ಪಕ್ಕದಲ್ಲಿ ಕೂತು ಉಣ್ಣಿಸಿದೆ. ಎರಡು ತುತ್ತು ಇಳಿದ ಮೇಲೆ ನನ್ನ ಕಿವಿಯಲ್ಲಿ ಹೇಳಿದಳು, "ತಮಟೆನೂ ಅಲೆ ಹಂಗೇ ಐತೆ ಮೇಷ್ಟ್ರೆ. ಅವ್ವಂಗೂ ಸೇರ್ಸಿ ಅತ್ತೆ. ಯಾರ್ಗೂ ಕೇಳ್ಸಲಿಲ್ಲ."

ನಾನು ಕೆಮ್ಮಿದೆ. ಜನ ಓಡಿದರು.

ಈಗಲೂ ಆ ಕೋತಿ ಹೂತ ಜಾಗದ ಕಲ್ಲಿಗೆ ಮುದ್ದೆಯೇ ಎಡೆ. ಯಾರಾದರೂ ಬಾಳೆಹಣ್ಣು ತಂದರೆ ಪೂಜಾರಿ ಬೈದು ಕಳಿಸುತ್ತಾನೆ. ಈ ಹನುಮಪ್ಪಂಗೆ ಹಣ್ಣು ಆಗಿಬರಲ್ವಂತೆ.