ಐತಪ್ಪನವರ ಬಂಗುಡೆ ಹರಕೆ

ಮನುಷ್ಯನಾದವನು ದೇವರಿಗೆ ಹರಕೆ ಹೇಳುವ ಮೊದಲು ಯೂನಿವರ್ಸಿಟಿಯವರನ್ನು ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು. ಲಂಡನ್ನಿನ ಇಲ್ಫರ್ಡ್‌ನ ಐತಪ್ಪನವರು ಕೇಳಿರಲಿಲ್ಲ. ಎರಡು ಸಾವಿರದ ಇಸವಿಯ ಆಗಸ್ಟ್ ತಿಂಗಳಲ್ಲಿ, ಮಗಳು ಪ್ರೇಕ್ಷಾಳಿಗೆ ಮೆಡಿಕಲ್ ಸೀಟು ಖಾತ್ರಿಯಾದ ದಿನ, ಖುಷಿಯ ಭರದಲ್ಲಿ ಗೋಡೆಯ ಮೇಲಿನ ಕೊಲ್ಲೂರಮ್ಮನ ಫೋಟೋಕ್ಕೆ ಕೈಮುಗಿದು, "ಅಮ್ಮಾ, ಇವಳು ಡಾಕ್ಟರ್ ಆಗುವವರೆಗೆ ನನ್ನ ನಾಲಗೆಗೆ ಮೀನು ಸೋಕಿಸುವುದಿಲ್ಲ" ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮೇಲೆ ಐತಪ್ಪನವರಿಗೇ ಗಾಬರಿಯಾಯಿತು.

ಇದು ಎಂಥ ತ್ಯಾಗವೆಂದು ಅವರನ್ನು ಬಲ್ಲವರಿಗೆ ಮಾತ್ರ ತಿಳಿಯುತ್ತದೆ. ಹುಟ್ಟಿದ್ದು ಮಲ್ಪೆಯ ಕಡಲ ದಂಡೆಯಲ್ಲಿ. ಹೊಟ್ಟೆಪಾಡು ಇಲ್ಫರ್ಡ್‌ನ ಒಂದು ಉಡುಪಿ ಹೋಟೆಲಿನ ಕೌಂಟರಿನಲ್ಲಿ (ಆ ಅಡುಗೆಮನೆಯಲ್ಲಿ ಬೆಳ್ಳುಳ್ಳಿಗೂ ಹಿಂಬಾಗಿಲಿನಿಂದಲೇ ಪ್ರವೇಶ). ವಾರದ ಆರು ದಿನ ಸಾಂಬಾರಿನ ಹಬೆಯಲ್ಲಿ ನಿಂತ ಜೀವ ಭಾನುವಾರ ಮಧ್ಯಾಹ್ನದ ಬಂಗುಡೆ ಮೀನಿನ ಪುಳಿಮುಂಚಿಯನ್ನು ನೆನೆದುಕೊಂಡೇ ಶನಿವಾರ ದಾಟುತ್ತಿತ್ತು. ಆ ಹುಳಿ, ಆ ಖಾರ, ಮೇಲೆ ತೇಲುವ ಕೆಂಪು! ಅದನ್ನೇ ಅವರು ದೇವಿಗೆ ಒಪ್ಪಿಸಿದ್ದರು.

ಹೆಂಡತಿ ಮೋಹಿನಿ ಮಾತ್ರ ಅಂದೇ ವಿಷಯ ಸ್ಪಷ್ಟಪಡಿಸಿದಳು. ಹರಕೆ ಹೇಳಿದ್ದು ಗಂಡ, ತಾನಲ್ಲ, ಮಗಳಂತೂ ಅಲ್ಲ. ಆದ್ದರಿಂದ ಪ್ರತಿ ಭಾನುವಾರ ಆ ಮನೆಯಲ್ಲಿ ಎಂದಿನಂತೆ ಬಂಗುಡೆ ಬೇಯುತ್ತಿತ್ತು. ತಾಯಿ ಮಗಳು ಮುಳ್ಳು ಬಿಡಿಸುತ್ತ ತಿನ್ನುವಾಗ ಐತಪ್ಪನವರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ನೆರೆಮನೆಯ ಬೇಲಿಯನ್ನು ನೋಡುತ್ತ, ತೊಂಡೆಕಾಯಿ ಪಲ್ಯದಲ್ಲಿ ಅನ್ನ ಕಲಸುತ್ತಿದ್ದರು. ಊಟವಾದ ಮೇಲೆ ಕ್ಯಾಲೆಂಡರಿನ ಆ ಭಾನುವಾರದ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗೀಟು. ಐದು ವರ್ಷದ ಕೋರ್ಸು, ಸುಮಾರು ಇನ್ನೂರ ಐವತ್ತು ಭಾನುವಾರ. ಮನುಷ್ಯ ತಾಳಿಕೊಳ್ಳಬಹುದು.

ಎರಡು ಸಾವಿರದ ಮೂರರ ಮಾರ್ಚ್‌ವರೆಗೆ ತಾಳಿಕೊಂಡರು. ಮೂರನೆಯ ವರ್ಷ ಮುಗಿಯುತ್ತ ಬಂದಿತ್ತು. ಒಂದು ಸಂಜೆ ಊಟಕ್ಕೆ ಕೂತಾಗ ಪ್ರೇಕ್ಷಾ ಹಪ್ಪಳ ಮುರಿಯುತ್ತ ಹೇಳಿದಳು.

"ಡ್ಯಾಡ್, ನೆಕ್ಸ್ಟ್ ಇಯರ್ ಐ ಆಮ್ ಡೂಯಿಂಗ್ ಎ ಬಿ.ಎಸ್ಸಿ."

ಐತಪ್ಪನವರ ಕೈಯ ತುತ್ತು ಅಲ್ಲಿಗೇ ನಿಂತಿತು. ಅವರ ಊರಿನ ಲೆಕ್ಕದಲ್ಲಿ ಓದಿಗೆ ಮೆಟ್ಟಿಲುಗಳಿದ್ದವು. ಮೇಲಿನದ್ದು ಮೆಡಿಕಲ್, ಅದರ ಕೆಳಗೆ ಇಂಜಿನಿಯರಿಂಗ್, ಎರಡೂ ಕೈಕೊಟ್ಟವರಿಗೆ ಬಿ.ಎಸ್ಸಿ. ಮೇಲಿನ ಮೆಟ್ಟಿಲಲ್ಲಿ ಮೂರು ವರ್ಷ ಕೂತವಳು ತಾನಾಗಿ ಕೆಳಗಿಳಿಯುವುದೆಂದರೆ ಅದಕ್ಕೆ ಒಂದೇ ಅರ್ಥ.

"ಫೇಲಾದೆಯಾ ಮಗಾ?" ಎಂದು ಬಹಳ ಮೆಲ್ಲಗೆ, ಸಾವಿನ ಮನೆಯಲ್ಲಿ ಕೇಳುವಂತೆ ಕೇಳಿದರು.

ಫೇಲಲ್ಲ. ಪ್ರೇಕ್ಷಾ ಇಂಗ್ಲಿಷಿನಲ್ಲಿ ಒಮ್ಮೆ, ತನಗೆ ಬರುವಷ್ಟು ಕನ್ನಡದಲ್ಲಿ ಒಮ್ಮೆ ಬಿಡಿಸಿ ಹೇಳಿದಳು. ಚೆನ್ನಾಗಿ ಓದುವವರಿಗೆ ಮಾತ್ರ ಈ ಅವಕಾಶ. ಡಾಕ್ಟರ್ ಓದಿನ ನಡುವೆ ಒಂದು ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿದರೆ ಬೇರೆಯೇ ಒಂದು ಡಿಗ್ರಿ ಕೊಡುತ್ತಾರೆ. ಆಮೇಲೆ ಬಿಟ್ಟಲ್ಲಿಂದಲೇ ನಾಲ್ಕನೆಯ ವರ್ಷಕ್ಕೆ ವಾಪಸ್ಸು. ಎರಡು ಡಿಗ್ರಿ, ಒಟ್ಟು ಆರು ವರ್ಷ. ಐತಪ್ಪನವರ ಕಿವಿಗೆ ಬಿದ್ದದ್ದು "ಆರು" ಮಾತ್ರ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮಗಳ ಒಂದು ವರ್ಷವೆಂದರೆ ಅಪ್ಪನ ಐವತ್ತೆರಡು ಭಾನುವಾರ.

ಆದರೆ ಹಡೆದ ಮಗಳ ಭವಿಷ್ಯದ ಎದುರು ಬಂಗುಡೆಯನ್ನು ಹೇಗೆ ತಂದಿಡುವುದು? ಆದ್ದರಿಂದ ಅವರು ಮರ್ಯಾದೆಯ ದಾರಿ ಹಿಡಿದರು. ಜನ ಏನೆನ್ನುತ್ತಾರೆ, ಕನ್ನಡ ಸಂಘದವರಿಗೆ ಏನು ಹೇಳುವುದು ಎಂದೆಲ್ಲ ಹೇಳಿ ಕೊನೆಗೆ, "ಬಿ.ಎಸ್ಸಿ. ಅಂದ್ರೆ ಎಂತ ಉಂಟು ಮಗಾ ಅದರಲ್ಲಿ? ಸೀಟು ಸಿಗದವರು ಹೊತ್ತು ಕಳೀಲಿಕ್ಕೆ ಮಾಡುದು ಅದು" ಎಂದರು.

ಸಾರು ಬಡಿಸುತ್ತಿದ್ದ ಮೋಹಿನಿಯ ಸೌಟು ಒಂದು ಕ್ಷಣ ಗಾಳಿಯಲ್ಲಿ ನಿಂತಿತು. (ಮೋಹಿನಿ, ಬಿ.ಎಸ್ಸಿ., ಪ್ರಥಮ ದರ್ಜೆ, ಉಡುಪಿ, ೧೯೮೦. ಸರ್ಟಿಫಿಕೇಟು ಮಹಡಿಯ ಕೋಣೆಯ ಸೂಟ್‌ಕೇಸಿನಲ್ಲಿ, ಮದುವೆ ಸೀರೆಯ ಕೆಳಗಿದೆ. ಐತಪ್ಪನವರಿಗೆ ಆ ಕ್ಷಣಕ್ಕೆ ಅದು ನೆನಪಾಗಲಿಲ್ಲ.) ಆಮೇಲೆ ಅವಳು ಸಾರು ಬಡಿಸಿ ತಣ್ಣಗೆ ಹೇಳಿದಳು.

"ನೀನು ಮಾಡು ಮಗಾ. ಅಪ್ಪನಿಗೆ ನಿನ್ನ ಚಿಂತೆ ಅಲ್ಲ, ಬಂಗುಡೆಯ ಚಿಂತೆ."

ಆ ವರ್ಷದ ಯುಗಾದಿಗೆ ಕನ್ನಡ ಸಂಘದವರು ಬಾಡಿಗೆ ಸಭಾಂಗಣದಲ್ಲಿ ಹೋಳಿಗೆ ಊಟ ಇಟ್ಟಿದ್ದರು. ಸಂಘದ ಕಾರ್ಯದರ್ಶಿ ರಾಮಪ್ರಸಾದ್ ಬೆಂಗಳೂರಿನವರು, ಕಂಪ್ಯೂಟರ್ ಕೆಲಸ, ತಮಗೆ ಗೊತ್ತಿಲ್ಲದ ವಿಷಯವಿಲ್ಲ ಎಂಬ ಧೈರ್ಯದ ಮನುಷ್ಯ. ಮಗಳ ಓದು ಎಲ್ಲಿಗೆ ಬಂತೆಂದು ಅವರು ಕೇಳಿದಾಗ ಐತಪ್ಪನವರು ಹೋಳಿಗೆಯ ಮೇಲೆ ತುಪ್ಪ ಸವರುತ್ತ, ನಡುವೆ ಒಂದು ಬಿ.ಎಸ್ಸಿ. ಬಂದು ಕೂತಿದೆ ಎಂದು ಕಳ್ಳತನ ಒಪ್ಪಿಕೊಂಡವರಂತೆ ಹೇಳಿದರು. ರಾಮಪ್ರಸಾದ್ ಮುಖ ಅರಳಿಸಿದರು.

"ಒಳ್ಳೇದೇ ಆಯ್ತಲ್ಲ ಸಾರ್. ಈಗ ಹೊಸದಾಗಿ ಶುರುವಾಗಿದೆ, ಬಿ.ಎಸ್ಸಿ. ಇದ್ದೋರಿಗೆ ನಾಲ್ಕೇ ವರ್ಷಕ್ಕೆ ಡಾಕ್ಟ್ರು. ಎಕ್ಸ್‌ಪ್ರೆಸ್ ಕೋರ್ಸು."

ನಾಲ್ಕು! ಐತಪ್ಪನವರು ಹೋಳಿಗೆ ಬಿಟ್ಟು ಬೆರಳೆಣಿಸಿದರು. ಆರಕ್ಕಿಂತ ನಾಲ್ಕು ಕಡಿಮೆ, ಐದಕ್ಕಿಂತಲೂ ಕಡಿಮೆ. ಅಂದರೆ ಆ ಬಿ.ಎಸ್ಸಿ. ಶಾಪವಲ್ಲ, ವರ. ಈ ನಾಲ್ಕು ವರ್ಷಗಳನ್ನು ಎಲ್ಲಿಂದ ಎಣಿಸಲು ಶುರುಮಾಡಬೇಕು ಎಂಬ ಸಣ್ಣ ಪ್ರಶ್ನೆಯನ್ನು ಅವರೂ ಕೇಳಲಿಲ್ಲ, ರಾಮಪ್ರಸಾದರೂ ಹೇಳಲಿಲ್ಲ. ಇಬ್ಬರೂ ಎರಡನೆಯ ಹೋಳಿಗೆ ಹಾಕಿಸಿಕೊಂಡರು.

ಪ್ರೇಕ್ಷಾಳಿಗೆ ಹೇಳಿದರೆ ಅವಳು ಬೇಡವೆನ್ನುವುದು ಖಂಡಿತ. ಆದ್ದರಿಂದ ಕಾರ್ಯಾಚರಣೆ ಗುಟ್ಟಾಗಿ ನಡೆಯಬೇಕಿತ್ತು. ಆ ಮನೆಯಲ್ಲಿ ಕೌನ್ಸಿಲ್‌ನ ಫಾರ್ಮಿನಿಂದ ಹಿಡಿದು ಪಾಸ್‌ಪೋರ್ಟಿನ ಫಾರ್ಮಿನವರೆಗೆ ತುಂಬುವವಳು ಮೋಹಿನಿ. ಕೆಮಿಸ್ಟ್ ಅಂಗಡಿಯ ಕೌಂಟರಿನಲ್ಲಿ ಹದಿನೈದು ವರ್ಷ ದುಡಿದವಳು, ಡಾಕ್ಟರುಗಳ ಅಕ್ಷರವನ್ನೇ ಓದಿ ಜಯಿಸಿದವಳು. ಜೂನ್ ತಿಂಗಳ ಒಂದು ಶನಿವಾರ ಆ ನಾಲ್ಕು ವರ್ಷದ ಕೋರ್ಸಿನ ಕಾಲೇಜು ನೋಡಲು ಬರುವವರಿಗೆಲ್ಲ ಬಾಗಿಲು ತೆರೆದಾಗ ಐತಪ್ಪನವರು ಹೋಟೆಲಿಗೆ ರಜೆ ಹಾಕಿ, ಹೆಂಡತಿಯನ್ನು ಕರೆದುಕೊಂಡು ಟ್ಯೂಬ್ ರೈಲು ಹತ್ತಿದರು. ಮಗಳಿಗೆ ಸೀರೆ ತರಲು ಸೌತ್‌ಹಾಲ್‌ಗೆ ಹೋಗುತ್ತೇವೆಂದು ಸುಳ್ಳು ಹೇಳಿದ್ದಾಯಿತು.

ಕಾಲೇಜಿನಲ್ಲಿ ಮೋಹಿನಿ ತನ್ನ ಕೋಟನ್ನು ಗಂಡನ ಕೈಗೆ ಕೊಟ್ಟು, ತಾನು ಮಾತಾಡಿ ಬರುವುದಾಗಿ ಹೇಳಿ ಸಾಲಿನಲ್ಲಿ ನಿಂತಳು. ಐತಪ್ಪನವರು ಪುಕ್ಕಟೆ ಚಹಾದ ಮೇಜಿನ ಹತ್ತಿರ ಹೋದರು. ಅಲ್ಲಿಂದ ನೋಡಿದರೆ, ಕನ್ನಡಕದ ಹೆಂಗಸೊಬ್ಬಳ ಜೊತೆ ಮೋಹಿನಿ ಹದಿನೈದು ನಿಮಿಷ ಮಾತಾಡಿದಳು. ನಡುವೆ ಒಮ್ಮೆ ಆ ಹೆಂಗಸು ನಗುತ್ತ, ವಯಸ್ಸಿಗೆ ಮಿತಿಯಿಲ್ಲ ಎಂದದ್ದು ಐತಪ್ಪನವರ ಕಿವಿಗೂ ಬಿತ್ತು. ಇಪ್ಪತ್ತೊಂದು ವರ್ಷದ ಹುಡುಗಿಗೆ ವಯಸ್ಸಿನ ಪ್ರಶ್ನೆ ಯಾಕೆಂದು ಅವರಿಗೆ ಸ್ವಲ್ಪ ಸೋಜಿಗವಾಯಿತು. ಅಷ್ಟರಲ್ಲಿ ಬಿಸ್ಕತ್ತಿನ ಹೊಸ ತಟ್ಟೆ ಬಂತು.

ವಾಪಸ್ಸು ಬರುವಾಗ ಮೋಹಿನಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಸುರಂಗದ ಕತ್ತಲಲ್ಲಿ ನೋಡುವುದಕ್ಕೆ ಏನಿದೆಯೋ.

"ಬಿ.ಎಸ್ಸಿ. ಇದ್ದವರಿಗೆ ಆಗ್ತದಂತೆ" ಎಂದಳು. "ಒಂದು ಪರೀಕ್ಷೆ ಉಂಟು. ಫಾರ್ಮ್ ನಾನು ತುಂಬ್ತೇನೆ. ನೀವು ಬಾಯಿ ಬಿಡ್ಬೇಡಿ."

ಐತಪ್ಪನವರು ಬಾಯಿ ಬಿಡಲಿಲ್ಲ. ಆ ಚಳಿಗಾಲ ಅವರ ಪಾಲಿಗೆ ಅದ್ಭುತಗಳ ಕಾಲ. ಊಟದ ಮೇಜಿನ ಮೇಲೆ ದಪ್ಪ ದಪ್ಪ ಪುಸ್ತಕಗಳು ಬಂದವು. ಪ್ರೇಕ್ಷಾ ಲ್ಯಾಬಿನಿಂದ ಬರುವಷ್ಟರಲ್ಲಿ ಮೋಹಿನಿ ಅವನ್ನು ಹಾಸಿಗೆ ಕೆಳಗೆ ತಳ್ಳಿಬಿಡುತ್ತಿದ್ದಳು. ಮಗಳ ಪರೀಕ್ಷೆಗೆ ತಾಯಿ ಟಿಪ್ಪಣಿ ಮಾಡಿಡುತ್ತಿದ್ದಾಳೆಂದು ಐತಪ್ಪನವರ ಕಣ್ಣು ತುಂಬಿ ಬಂತು. ಗುಟ್ಟೇ ತಿಳಿಯದ ಮಗಳು ಆ ಪರೀಕ್ಷೆಗೆ ಕೂರುವುದು ಹೇಗೆಂಬ ಚಿಂತೆಯನ್ನು ಅವರು ಮೋಹಿನಿಗೇ ಬಿಟ್ಟಿದ್ದರು. ಅದಕ್ಕಿಂತ ದೊಡ್ಡ ಅದ್ಭುತವೆಂದರೆ ಭಾನುವಾರಗಳಲ್ಲಿ ಬಂಗುಡೆ ನಿಂತಿತು. ಮೋಹಿನಿಗೆ ಮೀನು ತೊಳೆದು ಹೆಚ್ಚುವಷ್ಟು ಪುರಸೊತ್ತಿರಲಿಲ್ಲ. ಮೂವರಿಗೂ ತೊಂಡೆಕಾಯಿಯೇ. ಐತಪ್ಪನವರು ಕುರ್ಚಿಯನ್ನು ಕಿಟಕಿಯಿಂದ ಮೇಜಿನ ಕಡೆಗೆ ತಿರುಗಿಸಿ, ದೇವಿ ತನ್ನ ಸಂಕಟ ನೋಡಿ ಮನೆಯವರಿಗೆಲ್ಲ ಬುದ್ಧಿ ಕೊಟ್ಟಳೆಂದು ಕೈಮುಗಿದರು. ಒಂದು ಬುಧವಾರ ಮೋಹಿನಿ ಇಳಕಲ್ ಸೀರೆ ಉಟ್ಟು, ಏನೋ ಮಾತುಕತೆಗೆ ಹೋಗುವುದಿದೆ ಎಂದು ಹೊರಟಾಗಲೂ ಅವರು ಏನೂ ಕೇಳಲಿಲ್ಲ. ಸುಖದಲ್ಲಿರುವವನು ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ಎರಡು ಸಾವಿರದ ನಾಲ್ಕರ ಮಾರ್ಚ್‌ನಲ್ಲಿ ಕಾಗದ ಬಂತು. ಮನೆಯಲ್ಲಿ ಐತಪ್ಪನವರೊಬ್ಬರೇ. ಲಕೋಟೆಯ ಮೇಲೆ ಕಾಲೇಜಿನ ಮುದ್ರೆ, ಅದರ ಕೆಳಗೆ ಮಗಳ ಹೆಸರಿನ ಕೊನೆಗೂ ಬರುವ ತಮ್ಮದೇ ಹೆಸರು 'ಐತಪ್ಪ'. ಒಡೆದು ನೋಡಿದರೆ ಮೊದಲ ಸಾಲಿನಲ್ಲೇ ಸೀಟು ಕೊಡಲು ತಮಗೆ ಸಂತೋಷವಾಗುತ್ತದೆ ಎಂದು ಬರೆದಿದ್ದರು. ಎರಡನೆಯ ಸಾಲು ಓದುವಷ್ಟು ತಾಳ್ಮೆ ಯಾವ ತಂದೆಗಿದ್ದೀತು? ಕಾಗದ ಕೊಲ್ಲೂರಮ್ಮನ ಮುಂದೆ ಹೋಯಿತು, ದೀಪ ಹತ್ತಿತು. ರಾಮಪ್ರಸಾದರಿಗೆ ಫೋನ್ ಹೋಯಿತು. ರಾಮಪ್ರಸಾದರಿಗೆ ಹೋದರೆ ಕೊಲಿಂಡೇಲ್‌ನಿಂದ ಸೌತ್‌ಹಾಲ್‌ವರೆಗಿನ ಕನ್ನಡಿಗರಿಗೆಲ್ಲ ಹೋದಂತೆಯೇ. ಹೋಟೆಲಿನಿಂದ ಎರಡು ಡಬ್ಬ ಮೈಸೂರುಪಾಕು ಬಂತು.

ಸಂಜೆ ಪ್ರೇಕ್ಷಾ ಬಂದಾಗ ಬಾಯಿಗೆ ಮೈಸೂರುಪಾಕು ತುರುಕಿ, ಕೈಗೆ ಕಾಗದ ಕೊಟ್ಟು, ಕಳೆದ ಒಂದು ವರ್ಷದ ತಮ್ಮ ಗುಟ್ಟಿನ ಪರಾಕ್ರಮವನ್ನೆಲ್ಲ ವರ್ಣಿಸಿದರು. ಅವಳು ಕಾಗದವನ್ನು ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು.

"ಡ್ಯಾಡ್, ನಾನು ಆ ಕೋರ್ಸ್‌ಗೆ ಹೋದ್ರೆ ಫಸ್ಟ್ ಇಯರ್‌ನಿಂದ ಮತ್ತೆ ಸ್ಟಾರ್ಟ್ ಮಾಡ್ಬೇಕು. ನಾಲ್ಕು ವರ್ಷ. ಟೂ ಥೌಸಂಡ್ ಎಯ್ಟ್. ಈಗಿರೋದ್ರಲ್ಲೇ ಇದ್ರೆ ಟೂ ಥೌಸಂಡ್ ಸಿಕ್ಸ್."

ಐತಪ್ಪನವರ ಬೆರಳುಗಳು ತಾವಾಗಿಯೇ ಎಣಿಸತೊಡಗಿದವು.

"ಎನಿವೇ, ಇದು ನನ್ನದಲ್ಲ" ಎಂದಳು ಪ್ರೇಕ್ಷಾ. ಅವಳ ದನಿ ಬದಲಾಗಿತ್ತು. "ಮಿಸೆಸ್ ಮೋಹಿನಿ ಐತಪ್ಪ ಅಂತ ಇದೆ. ಇದು ಅಮ್ಮಂದು."

ಅಷ್ಟರಲ್ಲಿ ಮೋಹಿನಿ ಅಂಗಡಿಯಿಂದ ಬಂದಳು. ದೀಪ ನೋಡಿದಳು, ಮೈಸೂರುಪಾಕು ನೋಡಿದಳು, ಮಗಳ ಕೈಯ ಕಾಗದ ನೋಡಿದಳು. ಕೋಟು ಬಿಚ್ಚದೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಗಳು ಓಡಿಹೋಗಿ ತಬ್ಬಿಕೊಂಡಳು. ಐತಪ್ಪನವರು ಸಿಹಿಯ ಡಬ್ಬ ಹಿಡಿದು ನಿಂತೇ ಇದ್ದರು.

"ನೀನು ನನಗೆ ಒಂದು ಮಾತು ಹೇಳಬಹುದಿತ್ತು ಮಾರಾಯ್ತಿ" ಎಂದರು ಕಡೆಗೆ.

"ಹೇಳಿದ್ದೆ" ಎಂದಳು ಮೋಹಿನಿ. "ಮದುವೆಯಾದ ವರ್ಷ ಹೇಳಿದ್ದೆ. ಪಿ.ಯು.ಸಿ. ಆದಾಗ ಹುಬ್ಬಳ್ಳಿಯಲ್ಲಿ ಮೆಡಿಕಲ್ ಸೀಟು ಸಿಕ್ಕಿತ್ತು ನನಗೆ. ಹುಬ್ಬಳ್ಳಿ ದೂರ ಆಯ್ತು, ಹುಡುಗಿಯನ್ನು ಅಷ್ಟು ದೂರ ಕಳಿಸ್ಲಿಕ್ಕಿಲ್ಲ ಅಂದ್ರು ಅಪ್ಪ. ಉಡುಪಿಯಲ್ಲೇ ಬಿ.ಎಸ್ಸಿ. ಮಾಡಿಸಿದ್ರು. ಮತ್ತೆ ಲಂಡನ್‌ಗೆ ಕೊಟ್ರು. ನೀವು ಕೇಳಿ ನಗಾಡಿದ್ರಿ."

ಐತಪ್ಪನವರಿಗೆ ನೆನಪಾಯಿತು. ನಕ್ಕದ್ದೂ ನೆನಪಾಯಿತು, ಹೋದ ವರ್ಷ ಬಿ.ಎಸ್ಸಿ. ಬಗ್ಗೆ ಆಡಿದ್ದೂ, ಗಾಳಿಯಲ್ಲಿ ನಿಂತ ಸೌಟೂ ನೆನಪಾಯಿತು. ಇಪ್ಪತ್ತಮೂರು ವರ್ಷ ಈ ಹೆಂಗಸು ಹುಬ್ಬಳ್ಳಿಯನ್ನು ಸೀರೆಯ ಕೆಳಗಿಟ್ಟುಕೊಂಡು ತನಗೆ ಸಾರು ಬಡಿಸಿದಳಲ್ಲ ಎಂದು ದುಃಖವಾಯಿತು, ನಾಚಿಕೆಯೂ ಆಯಿತು. ಒಂದು ತುಂಡು ಮೈಸೂರುಪಾಕನ್ನು ಅವಳ ಮುಂದೆ ಹಿಡಿದರು. ಅವಳು ತೆಗೆದುಕೊಂಡು ನಿಧಾನಕ್ಕೆ ತಿಂದಳು. ತಿಂದು ಮುಗಿಸಿ ಕೇಳಿದಳು.

"ಮಗಳಿಗೋಸ್ಕರ ಮೀನು ಬಿಟ್ರಿ. ನನಗೋಸ್ಕರ ಎಂತ ಬಿಡ್ತೀರಿ?"

ಐತಪ್ಪನವರು ಗೋಡೆಯ ಫೋಟೋ ನೋಡಿದರು. ಬದುಕಿನಲ್ಲಿ ಇನ್ನೇನು ಉಳಿದಿದೆಯೆಂದು ಹುಡುಕಿ, ತೀರ ಸಣ್ಣ ದನಿಯಲ್ಲಿ, "ಕೋಳಿ ಬಿಡ್ಲಾ?" ಎಂದರು.

"ಎಂತದೂ ಬಿಡುದು ಬೇಡ" ಎಂದಳು ಮೋಹಿನಿ, ಎದ್ದು ಕೋಟು ಬಿಚ್ಚುತ್ತ. "ಸೌಟು ಹಿಡ್ಕೊಂಡ್ರೆ ಸಾಕು."

ರಾಮಪ್ರಸಾದರಿಗೆ ತಿದ್ದುಪಡಿ ಫೋನ್ ಮಾಡುವುದೊಂದು ಉಳಿದಿತ್ತು. ಅವರು ಮೇಡಂ ಅವರ ವಯಸ್ಸು ಕೇಳಿದರು. ಐತಪ್ಪನವರು ಗಂಭೀರವಾಗಿ, ಅದಕ್ಕೆಲ್ಲ ಮಿತಿಯಿಲ್ಲ, ತಾವೇ ಖುದ್ದಾಗಿ ಕಾಲೇಜಿನಲ್ಲಿ ಕೇಳಿಸಿಕೊಂಡು ಬಂದದ್ದು ಎಂದು ಫೋನ್ ಇಟ್ಟರು.

ಈಗ ಅಕ್ಟೋಬರ್. ತಾಯಿ ಮೊದಲನೆಯ ವರ್ಷ, ಮಗಳು ನಾಲ್ಕನೆಯ ವರ್ಷ, ಮೇಜಿನ ತುಂಬ ಮೂಳೆಗಳ ಚಿತ್ರ. ಭಾನುವಾರ ಬೆಳಿಗ್ಗೆ ಮೋಹಿನಿ ಪುಸ್ತಕದಿಂದ ತಲೆಯೆತ್ತದೆ, ಬಂಗುಡೆ ತಿನ್ನದೆ ಒಂದು ವರ್ಷವಾಯಿತು, ಓದಿದ್ದು ತಲೆಗೇ ಹತ್ತುತ್ತಿಲ್ಲ ಎಂದಳು. ತನಗೆ ಹರಕೆ ಇದೆಯಲ್ಲ ಎಂದು ಐತಪ್ಪನವರು ನೆನಪಿಸಿದರು. ಅವರು ಹೇಳಿದ್ದು ನಾಲಗೆಯ ವಿಷಯ, ಕೈಯ ವಿಷಯವಲ್ಲ ಎಂದು ಮೋಹಿನಿ ಹೇಳಿದಳು. ದೇವಿಯ ಮುಂದೆ ಆಡಿದ ಮಾತನ್ನು ಅಕ್ಷರಶಃ ನೆನಪಿಟ್ಟುಕೊಂಡ ಹೆಂಗಸಿನ ಎದುರು ವಾದವಿಲ್ಲ.

ಮಾರ್ಕೆಟ್ಟಿಗೆ ಹೋಗಿ ಕಣ್ಣು ಹೊಳೆಯುವ ಆರು ಬಂಗುಡೆ ತಂದರು. ತೊಳೆದರು, ಹೆಚ್ಚಿದರು, ಮೆಣಸು ಹುಣಸೆಹುಳಿ ಅರೆದರು. ಕುದಿ ಬಂದಾಗ ನಾಲ್ಕು ವರ್ಷದ ಉಪವಾಸ ಒಂದೇ ಸಲ ಮೂಗಿಗೆ ಹೊಡೆಯಿತು. ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ಬಾಯಿಯ ಹತ್ತಿರ ತಂದವರು, ಗೋಡೆಯ ಮೇಲಿನ ಕೊಲ್ಲೂರಮ್ಮನ ಕಡೆ ನೋಡಿ ನಲ್ಲಿಯ ಕೆಳಗೆ ಕೈ ತೊಳೆದುಕೊಂಡರು. ಅಂದಾಜಿನಲ್ಲಿ ಉಪ್ಪು ಹಾಕಿ ತಂದು ಬಡಿಸಿ, ತೀರ್ಪಿಗೆ ಕಾಯುವವರಂತೆ ಪಕ್ಕದಲ್ಲಿ ನಿಂತರು. ಮೋಹಿನಿ ಒಂದು ತುತ್ತು ತಿಂದಳು, ಒಂದು ಮುಳ್ಳನ್ನು ತಟ್ಟೆಯ ಅಂಚಿಗಿಟ್ಟಳು.

"ಉಪ್ಪು ಸ್ವಲ್ಪ ಕಮ್ಮಿ" ಎಂದಳು. "ಇರ್ಲಿ. ನಾಲ್ಕು ವರ್ಷ ಉಂಟಲ್ಲ, ಕಲಿತೀರಿ."