ಎದೆಮಟ್ಟದ ನಳ

ಜಂಬಣ್ಣನ ಮನೆಯ ನಳ ಒಂಬತ್ತು ದಿನದಿಂದ ಬರೀ ಗಾಳಿ ಬಿಡುತ್ತಿತ್ತು. ಮೂರು ದಿನಕ್ಕೊಮ್ಮೆ ಸಂಜೆ ನಾಲ್ಕಕ್ಕೆ ಓಣಿಗೆ ನೀರು ಬರುವ ಹೊತ್ತಿನಲ್ಲಿ ಅದು ಬುಸ್ಸೆಂದು ಒಮ್ಮೆ ಉಸಿರೆಳೆದು, ಅರ್ಧ ಚೆಂಬು ಕೆಂಪು ತುಕ್ಕಿನ ನೀರು ಉಗುಳಿ ಸುಮ್ಮನಾಗಿಬಿಡುತ್ತಿತ್ತು. ಅಕ್ಕಪಕ್ಕದ ಮನೆಗಳಲ್ಲಿ ಮಾತ್ರ ಕೊಡ ತುಂಬುವ ಸದ್ದು ಒಂದು ಗಂಟೆ ಪೂರ್ತಿ ಕೇಳುತ್ತಿತ್ತು.

ಅಂದರೆ ಕೆಟ್ಟದ್ದು ಊರ ಪೈಪಲ್ಲ. ಬೀದಿಯ ದೊಡ್ಡ ಪೈಪಿನಿಂದ ನೆಲದೊಳಗೇ ಹಾದು ಜಂಬಣ್ಣನ ಮನೆಗೆ ಬರುವ ಸಣ್ಣ ಪೈಪು. ಇದು ಜಂಬಣ್ಣನಿಗೆ ಮೊದಲ ದಿನವೇ ತಿಳಿದಿತ್ತು. ಆದರೆ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಹದಿನಾಲ್ಕು ವರ್ಷ "ಬರತೈತಿ, ಈಗ ಬರತೈತಿ" ಎಂದು ಪ್ರಯಾಣಿಕರಿಗೆ ಹೇಳಿ ಹೇಳಿ, ಆ ಮಾತು ಅವನ ನಾಲಗೆಗೆ ಅಂಟಿಕೊಂಡಿತ್ತು. ಹೆಂಡತಿಗೂ ಅದನ್ನೇ ಹೇಳಿ ಒಂಬತ್ತು ದಿನ ದೂಡಿದ್ದ.

ಆ ಒಂಬತ್ತು ದಿನ ಹೆಂಡತಿ ಶೇಖರಮ್ಮ ಪಕ್ಕದ ಮನೆಯ ಅಂಬಮ್ಮನ ಹತ್ತಿರ ನೀರು ತಂದಳು. ಅಂಬಮ್ಮ ನೀರಿಗೆ ಇಲ್ಲ ಅಂದವಳಲ್ಲ. ಕೊಡದ ಜೊತೆಗೆ ಒಂದೊಂದು ಮಾತನ್ನೂ ತುಂಬಿ ಕಳಿಸುತ್ತಿದ್ದಳು, ಅಷ್ಟೆ. ಶನಿವಾರ ಸಂಜೆ ನಾಲ್ಕು ಜನ ಹೆಂಗಸರ ಮುಂದೆಯೇ ಕೇಳಿಬಿಟ್ಟಳು: "ಏನ್ ತಂಗೀ, ನಿಮ್ಮ ಮನಿ ನಳ ಬರೇ ನೋಡಾಕ ಇಟ್ಟೀರೇನು?"

ಶೇಖರಮ್ಮ ಖಾಲಿ ಕೊಡ ಹಿಡಿದುಕೊಂಡೇ ತಿರುಗಿ ಬಂದಳು. ಬಂದವಳೇ ಟ್ರಂಕು ಎಳೆದು, ಸೀರೆ ತುಂಬಿ, ಬಾಗಿಲ ಪಕ್ಕಕ್ಕೆ ತಂದಿಟ್ಟಳು.

"ನಾಳಿಗೆ ನೀರಿನ ಸರದಿ. ನಮ್ಮ ನಳಕ್ಕ ನೀರು ಬಂದ್ರ ಸರಿ. ಬರ್ಲಿಲ್ಲಂದ್ರ ನಾಡದು ಮುಂಜಾನೆ ಗುರುಗುಂಟಾಕ್ಕ ನಮ್ಮಪ್ಪನ ಮನಿಗೆ ಹೋಗಾಕಿ ನಾನು."

"ಬರತೈತಿ ಶೇಖರಮ್ಮಾ, ಬರತೈತಿ..."

"ಅದನ್ನ ಬಸ್‌ಸ್ಟ್ಯಾಂಡಿನ್ಯಾಗ ಹೇಳ್ರಿ."

ಎರಡು ವರ್ಷದ ಹಿಂದೆ ಹೀಗೇ ಒಂದು ಮಾತಿಗೆ ಹೋದವಳು ತಿರುಗಿ ಬರಲು ನಾಲ್ಕು ತಿಂಗಳು ಹಿಡಿದಿತ್ತು. ತಾನೇ ಬಡಿದ ರೊಟ್ಟಿ ತಾನೇ ತಿಂದು, ಹೊಟ್ಟೆ ಹಿಡಿದುಕೊಂಡು ಡ್ಯೂಟಿ ಮಾಡಿದ ಆ ನಾಲ್ಕು ತಿಂಗಳನ್ನು ಜಂಬಣ್ಣ ಮರೆತಿರಲಿಲ್ಲ. ಗುರುಗುಂಟಾದ ಮೊದಲ ಬಸ್ಸು ಬೆಳಿಗ್ಗೆ ಆರೂ ನಲವತ್ತಕ್ಕೆ. ಅದಕ್ಕೆ ಸೀಟಿ ಊದಿ ಕಳಿಸುವವನು ಅವನೇ. ಸ್ವಂತ ಹೆಂಡತಿ ಟ್ರಂಕು ಹಿಡಿದು ಹತ್ತಿದ ಬಸ್ಸಿಗೆ ತಾನೇ ಸೀಟಿ ಊದಬೇಕಲ್ಲಪ್ಪಾ ಎಂದು ನೆನೆದು ಅವನಿಗೆ ಬೆವರು ಬಂತು.

ಭಾನುವಾರ ಅವನಿಗೆ ರಜೆ. ಎಂಟಕ್ಕೆಲ್ಲ ನಳದ ಮಿಸ್ತ್ರಿ ಶೇಕ್ಷಾವಲಿ ಪಾನಾ, ಗರಗಸ, ಸಣಬು ಎಲ್ಲ ಸೈಕಲ್ಲಿಗೆ ಕಟ್ಟಿಕೊಂಡು ಬಂದ. ಮಸ್ಕಿಯ ಅಂಗಡಿಯಲ್ಲಿ ಉಳಿದಿದ್ದ ಒಂದೇ ಒಂದು ಅರ್ಧ ಇಂಚಿನ ಪೈಪನ್ನು ಜಂಬಣ್ಣ ಹಿಂದಿನ ಸಂಜೆಯೇ ತಂದಿಟ್ಟಿದ್ದ.

"ಹಳೀ ಪೈಪು ಎಲ್ಲೈತ್ರಿ?" ಎಂದ ಶೇಕ್ಷಾವಲಿ.

"ನೆಲದಾಗ ಐತಿ."

"ನೆಲದಾಗ ಐತಿ ಅಂಬೋದು ನನಗೂ ಗೊತ್ತೈತ್ರಿ. ಯಾವ ಕಡೆಯಿಂದ ಬಂದೈತಿ?"

ಅದೇ ಯಾರಿಗೂ ಗೊತ್ತಿರಲಿಲ್ಲ. ನಳದಿಂದ ಇಳಿದ ಪೈಪು ಅಂಗಳದ ಹಾಸುಗಲ್ಲಿನ ಅಡಿ ಹೊಕ್ಕು ಮಾಯವಾಗಿತ್ತು. ಶೇಕ್ಷಾವಲಿ ಬೇವಿನ ನೆರಳಿಗೆ ಕೂತು ಬೀಡಿ ಹಚ್ಚಿದ. "ಅಗದು ತೋರಸ್ರಿ, ಜೋಡಸ್ತೀನಿ. ಗುದ್ದಲಿ ಹಿಡಿಯಾಂವ ನಾನಲ್ಲ."

ಜಂಬಣ್ಣ ಪಂಚೆ ಎತ್ತಿ ಕಟ್ಟಿ ಗುದ್ದಲಿ ಹಿಡಿದ. ಅಷ್ಟರಲ್ಲಿ ಎದುರು ಮನೆಯ ಮುದುಕಪ್ಪ ತಾತ ಕೋಲು ಊರುತ್ತ, ಇನ್ನೊಂದು ಕೈಯಲ್ಲಿ ಮೂರು ಕಾಲಿನ ಸ್ಟೂಲು ಹಿಡಿದು ಬಂದ. ಅಂಗಳದ ಒಂದು ಮೂಲೆ ನೋಡಿ ಸ್ಟೂಲು ಊರಿ ಕೂತ. ಓಣಿಯಲ್ಲಿ ಯಾರ ಮನೆಯಲ್ಲಿ ಏನೇ ನಡೆದರೂ ಆ ಸ್ಟೂಲು ಅಲ್ಲಿರಬೇಕು.

"ಜಂಬಣ್ಣಾ, ಈ ಪೈಪು ಹೂಳುವಾಗ ನಾ ಇಲ್ಲೇ ಕುಂತು ನೋಡೀನಿ. ಇಕಾ, ಇಲ್ಲಿ ಅಗಿ. ಎದಿಮಟ ಅಗದು ಹೂಳ್ಯಾರ. ನನ್ನ ಮಾತು ನಂಬು."

"ಎದಿಮಟಾನ ತಾತಾ?"

"ಆಗಿನ ಮಂದಿ ಈಗಿನವರಂಗ ಕಳ್ಳಗೆಲಸ ಮಾಡ್ತಿದ್ದಿಲ್ಲಪ್ಪಾ."

ಮಸ್ಕಿಯ ಬಿಸಿಲಿಗೆ ಕಲ್ಲಾಗಿದ್ದ ನೆಲ. ಹತ್ತು ಗಂಟೆಯ ಲಿಂಗಸೂರು ಬಸ್ಸು ಹಾರ್ನ್ ಹೊಡೆದು ಹೋಗುವಾಗ ಗುಂಡಿ ಮೊಣಕಾಲು ಮುಟ್ಟಿತ್ತು. ಗುದ್ದಲಿ ಠಣ್ ಎಂದಿತು. ಪೈಪು! ಜಂಬಣ್ಣನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಶೇಕ್ಷಾವಲಿ ಬೀಡಿ ಎಸೆದು ಜಿಗಿದು ಬಂದು ಗರಗಸ ಹಾಕಿ ಕರಕರ ಕೊಯ್ದೇಬಿಟ್ಟ. ಕೊಯ್ದ ಮೇಲೆ ಮಣ್ಣು ಸರಿಸಿ ನೋಡುತ್ತಾರೆ, ಪೈಪು ನೆಟ್ಟಗೆ ಅಂಬಮ್ಮನ ಮನೆ ಕಡೆ ಹೊರಟಿದೆ.

"ಅಯ್ಯಯ್ಯೋ! ನಮ್ಮ ಪೈಪು ಕೊಯ್ದ್ರಲ್ರೋ!" ಅಂಬಮ್ಮ ಹೊರಗೆ ಬಂದು ಎದೆ ಎದೆ ಬಡಿದುಕೊಂಡಳು. "ನಾಕಕ್ಕ ನನ್ನ ನಳಕ್ಕ ನೀರು ಬರ್ಲಿಲ್ಲಂದ್ರ ನಿಮ್ಮ ಮನಿ ಮುಂದ ಕುಂದರ್ತೀನಿ, ನೋಡ್ರಿ ಜಂಬಣ್ಣಾ!"

ಮುದುಕಪ್ಪ ತಾತ ತಲೆ ಅಲ್ಲಾಡಿಸಿದ. "ಮೊಣಕಾಲಮಟದಾಗ ಸಿಕ್ಕದ್ದು ನಿಂದಲ್ಲಪ್ಪಾ. ನಾ ಹೇಳ್ಲಿಲ್ಲೇನು, ಎದಿಮಟ ಅಂತ?"

ಆ ಹೊತ್ತಿನಿಂದ ತಾತನ ಮಾತಿಗೆ ಎದುರು ಹೇಳುವವರೇ ಇಲ್ಲವಾದರು. ಅಂಬಮ್ಮನ ಹಳೆಯ ಪೈಪಂತೂ ಮುಟ್ಟಿದಲ್ಲಿ ಉದುರುತ್ತಿತ್ತು. ಒಂದು ತುಂಡು ಜೋಡಿಸಲು ಹೋಗಿ, ಜಂಬಣ್ಣ ತಂದಿದ್ದ ಇಡೀ ಹೊಸ ಪೈಪು ಅವಳ ಮನೆಗೇ ಹೋಯಿತು. ಅದು ಮುಗಿಯುವಾಗ ಹನ್ನೆರಡೂವರೆ. ಬಾಗಿಲಲ್ಲಿ ನಿಂತಿದ್ದ ಶೇಖರಮ್ಮ ಒಳಗೆ ಹೋದಳು. ಟ್ರಂಕಿನ ಮೇಲೆ ಚಪ್ಪಲಿಯ ಜೋಡಿಯನ್ನೂ ತಂದಿಟ್ಟಳು.

ಜಂಬಣ್ಣ ಮಣ್ಣುಗಾಲಲ್ಲೇ ಬಸ್‌ಸ್ಟ್ಯಾಂಡಿಗೆ ಓಡಿದ. ಸಿಂಧನೂರು ಬಸ್‌ಸ್ಟ್ಯಾಂಡಿಗೆ ಫೋನು ಹಚ್ಚಿ, ಅಲ್ಲಿನ ಕಂಟ್ರೋಲರ್‌ಗೆ ಕೈಮುಗಿಯುವುದೊಂದು ಬಿಟ್ಟು ಎಲ್ಲ ಮಾಡಿ, ಒಂದೂವರೆಯ ಬಸ್ಸಿನ ಮೇಲೆ ಒಂದು ಪೈಪು ಹಾಕಿಸಲು ಒಪ್ಪಿಸಿದ. ಎರಡೂ ಕಾಲಿಗೆ ಬಸ್ಸು ಮಸ್ಕಿಯಲ್ಲಿರಬೇಕು. ತಿರುಗಿ ಬಂದು ಮತ್ತೆ ಅಗೆದ. ತೊಡೆ, ಸೊಂಟ, ಹೊಟ್ಟೆ. ಎದೆಮಟ್ಟಕ್ಕೆ ಬಂದರೂ ಪೈಪಿಲ್ಲ.

"ಇನ್ನಾ ಒಂದು ಗೇಣು," ಎಂದ ತಾತ ಮೇಲಿನಿಂದ.

ಎರಡೂ ಕಾಲಿಗೆ ಬಸ್‌ಸ್ಟ್ಯಾಂಡಿಗೆ ಹೋದರೆ ಬಸ್ಸಿಲ್ಲ. ಎರಡೂವರೆ ಆಯಿತು, ಎರಡೂ ಮುಕ್ಕಾಲಾಯಿತು. ಅವತ್ತು ಡ್ಯೂಟಿಯಲ್ಲಿದ್ದವನು ಅವನ ಕೈಕೆಳಗೆ ಕಲಿತ ಬಸ್ಸಪ್ಪ.

"ಎಲ್ಲೈತೋ ಸಿಂಧನೂರು ಬಸ್ಸು?"

ಬಸ್ಸಪ್ಪ ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಬರತೈತಿ, ಈಗ ಬರತೈತಿ."

ಹದಿನಾಲ್ಕು ವರ್ಷ ತಾನು ಆಡಿದ ಮಾತು ಕೇಳಿದವರಿಗೆ ಇಷ್ಟು ಉರಿಸುತ್ತದೆಂದು ಜಂಬಣ್ಣನಿಗೆ ಅವತ್ತೇ ಗೊತ್ತಾದದ್ದು. ಬಸ್ಸಪ್ಪನ ಕುತ್ತಿಗೆ ಹಿಸುಕಬೇಕೆನಿಸಿತು. ಕೈ ತುಂಬ ಮಣ್ಣಿದ್ದುದರಿಂದ ಬಿಟ್ಟ. ದಾರಿಯಲ್ಲಿ ಟೈರು ಬದಲಿಸಿಕೊಂಡು ಬಸ್ಸು ಬಂದದ್ದು ಮೂರೂ ಹತ್ತಕ್ಕೆ. ಮೇಲಿನ ಪೈಪು ಇಳಿಸಿ, ಹೆಗಲಿಗಿಟ್ಟು ಓಡಿದ. ಅವನು ತಿರುಗಿದ ಕಡೆಯೆಲ್ಲ ಮಂದಿ ತಲೆ ತಗ್ಗಿಸಿ ದಾರಿ ಬಿಟ್ಟರು.

ಅವನನ್ನು ನೋಡಿ ಮುದುಕಪ್ಪ ತಾತ ಲಗುಬಗೆಯಿಂದ ಎದ್ದ. ಎದ್ದ ಭಾರಕ್ಕೆ ಸ್ಟೂಲಿನ ಒಂದು ಕಾಲು, ಅಲ್ಲಿ ಮಾತ್ರ ಒಳಗೊಳಗೇ ತೇವವಾಗಿ ಮೆತ್ತಗಾಗಿದ್ದ ನೆಲದೊಳಗೆ ಕಸಕ್ಕನೆ ಹೂತು, ಟಣ್ ಎಂದಿತು. ಶೇಕ್ಷಾವಲಿ ಕೈಯಿಂದ ಮಣ್ಣು ಕೆದರಿದ. ಒಂದೇ ಗೇಣಿನ ಆಳದಲ್ಲಿ, ಬೆಳಿಗ್ಗೆಯಿಂದ ತಾತ ಕೂತ ಜಾಗದ ಸರಿಯಾಗಿ ಕೆಳಗೆ, ಜಂಬಣ್ಣನ ಪೈಪು ತುಕ್ಕು ತಿಂದು, ಬೇವಿನ ಬೇರು ತುಂಬಿಕೊಂಡು ಮಲಗಿತ್ತು.

ಜಂಬಣ್ಣ ತಾತನ ಮುಖ ನೋಡಿದ.

"ಇಲ್ಲೇ ಐತಿ ಅಂತ ನಾ ಮುಂಜಾನಿಂದ ಹೇಳಾಕತ್ತೀನಿ," ಎಂದ ತಾತ.

ಜಗಳ ಆಡಲು ಹೊತ್ತಿರಲಿಲ್ಲ. ಮೂರೂ ಇಪ್ಪತ್ತೈದು. ಶೇಕ್ಷಾವಲಿ ಗುಂಡಿ ನೋಡಿದ, ಬೀದಿ ನೋಡಿದ, ಆಕಾಶ ನೋಡಿದ. "ಹಳೇದು ಪೂರಾ ಸತ್ತೈತ್ರಿ. ಗುಂಡಿ ಮುಚ್ಚಿ ಮೇಲಿಂದ ಹೊಸಾದು ತರಾಕ ಟೈಮಿಲ್ಲ. ದೊಡ್ಡ ಪೈಪಿನಿಂದ ಸೀದಾ ಈ ಗುಂಡಿಗೇ ಇಳಸ್ತೀನಿ, ತಳದಾಗ ನಳ ಕುಂದರಸ್ತೀನಿ. ಈ ಓಣ್ಯಾಗ ಎಲ್ಲಾರೂ ನಳಕ್ಕ ಗುಂಡಿ ತೋಡ್ಯಾರ, ನಿಮ್ಮದು ಒಂಚೂರು ಆಳ ಆತು. ತೆಗ್ಗಿಗೆ ನೀರು ತಾನ ಓಡಿ ಬರತೈತ್ರಿ, ಫಿಕರ್ ಮಾಡಬ್ಯಾಡ್ರಿ."

ಅಗೆಯುವವನು ಒಬ್ಬ, ಜೋಡಿಸುವವನು ಒಬ್ಬ. ಇನ್ನೂ ಎರಡು ಜೋಡಣೆ ಬಾಕಿ ಇರುವಾಗಲೇ ಓಣಿಯ ತುದಿಯಲ್ಲಿ ಸೈಕಲ್ ಗಂಟೆ ಕೇಳಿತು. ನೀರು ಬಿಡುವ ನನ್ನೇಸಾಬ, ಹೆಗಲ ಮೇಲೆ ಬೀದಿಯ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ.

ಜಂಬಣ್ಣ ಅಡ್ಡ ನಿಂತ. "ನನ್ನೇಸಾಬ, ಹತ್ತ ನಿಮಿಷ ತಡಿಯಪ್ಪಾ. ಈಗ ಬಿಟ್ಟರ ಎಲ್ಲಾ ಹಾಳಾಗತೈತಿ."

ನನ್ನೇಸಾಬ ಸೈಕಲ್ ನಿಲ್ಲಿಸಿದ. "ಕಂಟ್ರೋಲರ್ ಸಾಬ್ರೆ, ಹೋದ ಮೊಹರಮ್ಮಿಗೆ ನಮ್ಮ ಮನ್ಯಾಕಿ ಮಾಬುಬೀನ ಕರಕೊಂಡು ಉಸುರು ಬಿಟ್ಟು ಓಡಿ ಬಂದಿದ್ದೆ. ಲಿಂಗಸೂರು ಬಸ್ಸು ಒಂದ ನಿಮಿಷ ನಿಲ್ಲಸ್ರೀ ಅಂದೆ. ಏನಂದ್ರಿ ನೀವು?"

ಜಂಬಣ್ಣನಿಗೆ ನೆನಪಿತ್ತು. ತಲೆ ತಗ್ಗಿಸಿದ.

"ಟೈಮಂದ್ರ ಟೈಮು ಅಂದ್ರಿ," ಎಂದ ನನ್ನೇಸಾಬ.

ಅಷ್ಟರಲ್ಲಿ ಶೇಖರಮ್ಮ ಹೊರಗೆ ಬಂದಳು. "ಅಣ್ಣಾ, ಬಿಸಲಾಗ ಬಂದೀರಿ. ಒಂಚೂರು ಚಾ ಕುಡದು ಹೋಗ್ರಿ." ಮನೆಯಲ್ಲಿ ಉಳಿದಿದ್ದ ಕೊನೆಯ ಚೆಂಬು ನೀರಲ್ಲಿ ಚಹಾ ಕುದಿಸಿದಳು. ನನ್ನೇಸಾಬ ಬಸ್ಸು ತಪ್ಪಿಸಿಕೊಂಡವನೇ ಹೊರತು ಚಹಾಕ್ಕೆ ಇಲ್ಲ ಅಂದವನಲ್ಲ. ಅವನು ಊದಿ ಊದಿ ಕುಡಿದು ಬಸಿ ಕೆಳಗಿಡುವುದಕ್ಕೂ ಶೇಕ್ಷಾವಲಿ ಕಡೆಯ ಸುತ್ತು ಬಿಗಿಯುವುದಕ್ಕೂ ಸರಿಹೋಯಿತು.

ಕೀಲಿ ತಿರುಗಿತು. ಜಂಬಣ್ಣ ಎದೆಮಟ್ಟದ ಗುಂಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ನಳದ ಬಾಯಿಗೆ ಕಣ್ಣಿಟ್ಟ. ಬುಸ್ಸೆಂದಿತು. ಅರ್ಧ ಚೆಂಬು ಕೆಂಪು ನೀರು ಬಿತ್ತು. ಮುಗೀತು, ಇನ್ನು ಆರೂ ನಲವತ್ತರ ಬಸ್ಸೇ ಎಂದುಕೊಂಡ. ಆಮೇಲೆ ಒಮ್ಮೆಲೆ ಹೆಬ್ಬೆರಳ ಗಾತ್ರದ ಬೆಳ್ಳನೆಯ ಧಾರೆ ಧೋ ಎಂದು ಮುಖಕ್ಕೇ ಹೊಡೆಯಿತು!

"ಬಂತ! ಶೇಖರಮ್ಮಾ, ಬಂತು! ಹಂಡೇವು ತೊಗೊಂಡು ಬಾ!"

ಹಂಡೆಗಿಂತ ಮುಂಚೆ ಅಂಬಮ್ಮ ಬಂದಳು, ಸೊಂಟದಲ್ಲೊಂದು ಕೈಯಲ್ಲೊಂದು ಖಾಲಿ ಕೊಡ. "ನಮ್ಮ ನಳಕ್ಕ ಒಂದು ಹನಿ ಇಲ್ಲ!" ಅವಳ ಹಿಂದೆ ಕನಕಮ್ಮ. ಅವಳ ಹಿಂದೆ ಕರೀಮಾಬಿ. ಆಮೇಲೆ ಲೆಕ್ಕವಿಲ್ಲದಷ್ಟು ಕೊಡಗಳು. ಇಡೀ ಓಣಿಯ ಗುಂಡಿಗಳೆಲ್ಲ ಮೊಣಕಾಲಮಟ್ಟದವು. ಎದೆಮಟ್ಟದ್ದು ಒಂದೇ. ಓಣಿಯ ನೀರೆಲ್ಲ ಬೇರೆ ಯಾರ ಮನೆಯನ್ನೂ ಕಣ್ಣೆತ್ತಿ ನೋಡದೆ ಜಂಬಣ್ಣನ ಗುಂಡಿಗೆ ಇಳಿದಿತ್ತು. ಶೇಕ್ಷಾವಲಿ ಸದ್ದಿಲ್ಲದೆ ಸಾಮಾನು ಕಟ್ಟಿ ಸೈಕಲ್ ಹತ್ತಿದ.

"ಮೊದಲ ನಮ್ಮ ಹಂಡೇವು ತುಂಬೋಣ," ಎಂದು ಜಂಬಣ್ಣ ಗುಂಡಿಯಿಂದ ಪಿಸುಗುಟ್ಟಿದ.

ಶೇಖರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವಳ ಮುಖ ಮದುವೆಯ ದಿನ ಇದ್ದಂತೆ ಬೆಳಗುತ್ತಿತ್ತು. "ಮನಿಗೆ ಬಂದವರನ್ನ ನಿಲ್ಲಿಸಿ ನಾವು ತುಂಬಿಕೊಳ್ಳಾದೇನ್ರಿ? ಒಂಬತ್ತು ದಿನ ನಾ ನಿಂತೀನಿ ಅವರ ಬಾಗಿಲಾಗ. ಇವತ್ತು ನೋಡ್ಲಿ, ಶೇಖರಮ್ಮನ ಮನಿ ಎಂಥಾದ್ದು ಅಂತ. ಬಾ ಅಂಬಕ್ಕಾ, ಕೊಡ ಕೊಡು. ನಾಚ್ಕೋಬ್ಯಾಡ, ನಮ್ಮ ನಳ ನಿಮ್ಮ ನಳ ಬ್ಯಾರೆನಾ?"

ಆ ಗುಂಡಿಯಲ್ಲಿ ಒಬ್ಬರಿಗೆ ಮಾತ್ರ ಜಾಗ. ಆ ಒಬ್ಬ ಆಗಲೇ ಒಳಗಿದ್ದ. ಮೇಲಿನಿಂದ ಖಾಲಿ ಕೊಡ ಇಳಿಯುತ್ತಿತ್ತು, ಜಂಬಣ್ಣ ತುಂಬಿ ತಲೆಯ ಮೇಲಕ್ಕೆ ಎತ್ತಿ ಕೊಡುತ್ತಿದ್ದ. "ನಮ್ಮ ಹಂಡೇವು," ಎಂದು ನಡುನಡುವೆ ಕೂಗುತ್ತಿದ್ದ. "ಬರತೈತಿ, ಈಗ ಬರತೈತಿ," ಎನ್ನುತ್ತಿದ್ದಳು ಶೇಖರಮ್ಮ. ಅಂಬಮ್ಮ ಒಬ್ಬಳೇ ಹನ್ನೆರಡು ಕೊಡ ಒಯ್ದಳು. ಮುದುಕಪ್ಪ ತಾತನ ಮನೆಯ ಎಮ್ಮೆಗೂ ನಾಲ್ಕು ಕೊಡ ಹೋಯಿತು.

ಎಲ್ಲರದೂ ಮುಗಿದು ಶೇಖರಮ್ಮನ ಹಂಡೆ ಗುಂಡಿಗೆ ಇಳಿಯುವ ಹೊತ್ತಿಗೆ ಬೀದಿಯಲ್ಲಿ ಸೈಕಲ್ ಗಂಟೆ ಕೇಳಿತು. ಐದು ಗಂಟೆ. ನಳ ಬುಸ್ಸೆಂದು ಒಮ್ಮೆ ಉಸಿರು ಬಿಟ್ಟು ಸುಮ್ಮನಾಯಿತು.

"ನನ್ನೇಸಾಬ! ಒಂದ ನಿಮಿಷ!" ಎಂದು ಜಂಬಣ್ಣ ಗುಂಡಿಯಿಂದ ಅರಚಿದ.

"ಟೈಮಂದ್ರ ಟೈಮ್ರೀ ಸಾಬ್ರೆ," ಎಂದು ಹೊರಗಿನಿಂದ ಉತ್ತರ ಬಂತು.

ಕೆಸರಿನಿಂದ ಎದ್ದ ಎಮ್ಮೆಯಂತೆ ಜಂಬಣ್ಣ ಮೇಲೆ ಹತ್ತಿ ಬಂದ. ಹೆದರುತ್ತ ಬಾಗಿಲ ಕಡೆ ನೋಡಿದ. ಶೇಖರಮ್ಮ ಟ್ರಂಕು ಎತ್ತಿದಳು. ಎತ್ತಿದವಳು ಒಳಗೆ ಒಯ್ದು, ಮಂಚದ ಕೆಳಗೆ ತಳ್ಳಿ ಬಂದಳು.

"ಹೋಗಾಂಗಿಲ್ಲೇನು?"

"ಹೆಂಗ ಹೋಗ್ಲಿ? ಮುಂದಿನ ಸರದಿಗೆ ಓಣಿ ಮಂದೆಲ್ಲಾ ಇಲ್ಲೇ ಬರ್ತಾರ. ನಾ ಇಲ್ಲಂದ್ರ ಅವರನ್ನ ಯಾರು ನೋಡ್ಕೋಬೇಕು?"

ಜಂಬಣ್ಣನಿಗೆ ಕುಣಿಯಬೇಕೆನಿಸಿತು. ಅಷ್ಟರಲ್ಲಿ ಅವಳು ಎರಡು ಖಾಲಿ ಕೊಡ ತಂದು ಅವನ ಎರಡೂ ಕೈಗೆ ಕೊಟ್ಟಳು.

"ರಾತ್ರಿ ಅಡಿಗಿಗೆ ಹನಿ ನೀರಿಲ್ಲ. ನೀವು ಮೈ ಬ್ಯಾರೆ ತೊಳಕೋಬೇಕು. ಅಂಬಕ್ಕನ ಮನ್ಯಾಗ ಎರಡು ಕೊಡ ತೊಗೊಂಡು ಬರ್ರಿ."

"ನಾನಾ? ನೀ ಹೋಗಬಾರದೇನು?"

"ಇಷ್ಟು ಮಂದಿಗೆ ನೀರು ಕೊಟ್ಟಾಕಿ ನಾ ಈಗ ಖಾಲಿ ಕೊಡ ಹಿಡಕೊಂಡು ಇನ್ನೊಬ್ಬರ ಬಾಗಲಿಗೆ ನಿಂತ್ರ ನನ್ನ ಮರ್ಯಾದಿ ಏನಾಗಬೇಕ್ರೀ?"

ತಲೆಯಿಂದ ಕಾಲಿನವರೆಗೆ ಕೆಸರು ಇಳಿಸುತ್ತ, ಎರಡು ಕೈಯಲ್ಲಿ ಎರಡು ಕೊಡ ಹಿಡಿದು ಜಂಬಣ್ಣ ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತ. ತುಂಬಿದ ಹನ್ನೆರಡು ಕೊಡಗಳ ನಡುವೆ ಕೂತು ಅಕ್ಕಿ ಆರಿಸುತ್ತಿದ್ದ ಅಂಬಮ್ಮ ತಲೆ ಎತ್ತಿದಳು.

"ಏನ್ರಿ ಜಂಬಣ್ಣಾ, ನಿಮ್ಮ ಮನಿ ನಳ ಬರೇ ನೋಡಾಕ ಇಟ್ಟೀರೇನು?"